ಮಕ್ಕಳಿಗೆ ಆಯವ್ಯಯದ ಪಾಠ

ಬರುವುದು 'ಆಯ', ಹೋಗುವುದು 'ವ್ಯಯ'. ಲಿಂಗ, ವಚನ, ವಿಭಕ್ತಿಗಳಿಂದ ಮಾರ್ಪಡದ ಶಬ್ದಕ್ಕೆ 'ಅವ್ಯಯ'ವೆಂಬ ಹೆಸರಿರುವುದನ್ನು ವ್ಯಾಕರಣವನ್ನೋದುವ ವಿದ್ಯಾರ್ಥಿ ಬಾಯಿಪಾಠ ಮಾಡಿರುತ್ತಾನೆ. ತನ್ನ ಜೇಬಿನ ಹಣ ಅವ್ಯಯವಲ್ಲವೆಂಬುದನ್ನು ಮಾತ್ರ ಜಾತ್ರೆಯ ಮರುದಿನ ತಾನೇ ಕಂಡುಕೊಳ್ಳುತ್ತಾನೆ. ನಡೆದುಹೋದುದನ್ನು ಬರೆದಿಡುವುದು ಜಮಾಖರ್ಚು. ನಡೆಯಲಿರುವುದನ್ನು ಯೋಚಿಸಿ ಬರೆಯುವುದು ಅಂದಾಜು. ಬಜೆಟ್ ಎಂಬ ಮಾತೂ ಕನ್ನಡದಲ್ಲಿ ಬೇರೂರಿದೆ, ಇರಲಿ. ಶಾಲೆಗಳಲ್ಲಿ ಮೊದಲನೆಯದನ್ನು ಅಷ್ಟಿಷ್ಟು ಕಲಿಸುವುದುಂಟು; ಎರಡನೆಯದನ್ನು ಕಲಿಸುವುದು ವಿರಳ.

ಬಸವಣ್ಣನವರು 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದು ಪ್ರತಿ ಬಸವಜಯಂತಿಯ ಭಾಷಣದಲ್ಲಿಯೂ ಕೇಳಿಬರುತ್ತದೆ. ಆದರೆ ಈ ಪಾಠಕ್ಕೆ ಅದಕ್ಕಿಂತಲೂ ಹತ್ತಿರದ ಕಥೆ ಆಯ್ದಕ್ಕಿ ಲಕ್ಕಮ್ಮನದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳೆಂದು ಪರಂಪರೆ. ಆಕೆಗೆ ಅಂದಿನ ದಾಸೋಹಕ್ಕೆ ಎಷ್ಟು ಬೇಕೆಂಬುದು ಗೊತ್ತಿತ್ತು; ಆದ್ದರಿಂದಲೇ ಯಾವುದು ಹೆಚ್ಚೆಂಬುದೂ ಗೊತ್ತಾಯಿತು. ಅಂದಾಜಿನ ಮೂಲಸೂತ್ರ ಇಷ್ಟೇ.

ಇಲ್ಲಿ ಜಾಣ ಹುಡುಗನೊಬ್ಬ ಪ್ರಶ್ನೆ ಎತ್ತದಿರಲಾರ: ಕೂಡಿಡುವುದು ತಪ್ಪಾದರೆ ಉಳಿತಾಯದ ಖಾತೆಯನ್ನು ಏಕೆ ತೆರೆಯಬೇಕು? ಪ್ರಶ್ನೆಯನ್ನು ಗದರಿಸಿ ಕೂರಿಸಬಾರದು. ಮುಂಗಾರಿಗೆ ಬೇಕಾದ ಬೀಜವನ್ನು ಸುಗ್ಗಿಯಲ್ಲಿಯೇ ಎತ್ತಿಡುವ ರೈತನನ್ನು ಯಾರೂ ಲೋಭಿಯೆನ್ನರು. ಮುಂದಿನ ಗೊತ್ತಾದ ಅಗತ್ಯಕ್ಕೆ ಇಟ್ಟದ್ದು ಉಳಿತಾಯ. ಏತಕ್ಕೆಂದು ಹೇಳಲಾಗದೆ ಇಟ್ಟದ್ದು ಸಂಗ್ರಹ. ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನಲ್ಲಿಯೇ ಉಳಿತಾಯ ಖಾತೆ ತೆರೆಯಬಹುದು. ತೆರೆಯುವ ಮುನ್ನ 'ಏತಕ್ಕೆ' ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಸುವುದು ಒಳ್ಳೆಯದು.

ಅಂಕಗಣಿತದ ಪುಸ್ತಕಗಳ ಲೆಕ್ಕಗಳಲ್ಲಿ ಮನೆಯ ಯಜಮಾನನಿಗೆ ಯಾವಾಗಲೂ ತಿಂಗಳ ಸಂಬಳ. ಬಿಳಿಜೋಳ, ತೊಗರಿ ಬೆಳೆಯುವ ಮನೆಯ ಮಗುವಿಗೆ ಆ ಲೆಕ್ಕ ಬಿಡಿಸಲು ಬರುತ್ತದೆ, ತನ್ನ ಮನೆ ತಿಳಿಯುವುದಿಲ್ಲ. ಅಲ್ಲಿ ಆದಾಯ ವರ್ಷಕ್ಕೆ ಒಂದೆರಡು ಸಲ, ಖರ್ಚು ನಿತ್ಯ. ಸುಗ್ಗಿಯ ಹಣವನ್ನು ಹನ್ನೆರಡು ತಿಂಗಳಿಗೆ ಹಂಚುವುದೇ ಆ ಮನೆಯ ನಿಜವಾದ ಭಾಗಾಕಾರ. ಅದು ತಪ್ಪಿದಾಗ ಸಾಲ ಬರುತ್ತದೆ. ಮಳೆ ತಪ್ಪಿದಾಗಲಂತೂ ಲೆಕ್ಕ ಸರಿಯಿದ್ದರೂ ಬರುತ್ತದೆ. ಈ ಎರಡನೆಯ ಮಾತನ್ನು ಉಪಾಧ್ಯಾಯರು ಮರೆಯದೆ ಹೇಳಬೇಕು. ಇಲ್ಲವಾದರೆ ಸಾಲಗಾರನಾದ ತನ್ನ ತಂದೆ ದಡ್ಡನೆಂದೋ ದುಂದುಗಾರನೆಂದೋ ಮಗು ತಿಳಿದುಕೊಳ್ಳುತ್ತದೆ.

ಇದೇ ಕಾರಣದಿಂದ, "ನಿಮ್ಮ ಮನೆಯ ಖರ್ಚನ್ನು ಬರೆದು ತನ್ನಿ" ಎಂದು ತರಗತಿಯಲ್ಲಿ ಹೇಳುವುದು ಕ್ರೂರವಾಗುತ್ತದೆ. ಬಡವರ ಮಗು ಸುಳ್ಳು ಬರೆಯುತ್ತದೆ. ಉಳ್ಳವರ ಮಗು ಮೆರೆಯುತ್ತದೆ. ತರಗತಿಯ ಪ್ರವಾಸದ ಲೆಕ್ಕ, ಪ್ರಸಾದನಿಲಯದ ಒಂದು ದಿನದ ಅಕ್ಕಿ-ಬೇಳೆಯ ಲೆಕ್ಕ, ಇವು ಎಲ್ಲರಿಗೂ ಸಮಾನವಾದವು, ಇವುಗಳಿಂದ ತೊಡಗಬೇಕು.

ಅನಂತರ ಸ್ವಂತದ್ದು. ನಿಲಯದ ಹುಡುಗನೊಬ್ಬನಿಗೆ ತಿಂಗಳಿಗೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಬೂನು, ಎಣ್ಣೆಗೆ 60, ಊರಿಗೆ ಎರಡು ಸಲ ಹೋಗಿಬರಲು 80, ಎರಡು ನೋಟುಪುಸ್ತಕಕ್ಕೆ 70, ಕ್ಷೌರಕ್ಕೆ 60. ಒಟ್ಟು 270, ಶಿಲ್ಕು 30. ತಿಂಗಳ ನಡುವೆ ಕಂಪಾಸು ಪೆಟ್ಟಿಗೆ ಕಳೆದುಹೋಯಿತು, ಹೊಸದಕ್ಕೆ 90. ಕೊರತೆ 60. ಊರಿಗೆ ಒಂದು ಸಲ ಹೋಗದಿದ್ದರೆ 40 ಸಿಕ್ಕುತ್ತದೆ. ಒಂದು ನೋಟುಪುಸ್ತಕವನ್ನು ಮುಂದಿನ ತಿಂಗಳಿಗೆ ತಳ್ಳಿದರೆ 35. ಎರಡನ್ನೂ ಮಾಡಿದರೆ ಕೊರತೆ ತುಂಬಿ 15 ಉಳಿಯುತ್ತದೆ. ಆದರೆ ತಾಯಿ ಕಾಯುತ್ತಿರುತ್ತಾಳಲ್ಲ! ಗೆಳೆಯನಿಂದ ಕೈಗಡ ತಂದರೆ? ತರಬಹುದು, ಮುಂದಿನ ತಿಂಗಳ ಅಂದಾಜಿನಲ್ಲಿ ಅದೇ ಮೊದಲನೆಯ ಖರ್ಚಾಗಬೇಕು. ಕೂಡುವುದು ಕಳೆಯುವುದು ಇಲ್ಲಿ ಅಲ್ಪಭಾಗ. ಯಾವುದನ್ನು ಬಿಡಬೇಕೆಂಬ ವಿವೇಚನೆಯೇ ಪಾಠ. ಅದನ್ನು ಹುಡುಗನೇ ಮಾಡಬೇಕು, ಉಪಾಧ್ಯಾಯರು ಮಾಡಿಕೊಡಬಾರದು.

ಇನ್ನೊಂದು ಮಾತು. ತಿಂಗಳ ಕೊನೆಗೆ ಪೈಸೆಗೆ ಪೈಸೆ ತಾಳೆಯಾದ ಪುಸ್ತಕಕ್ಕೆ ಹೆಚ್ಚು ಅಂಕ ಕೊಡುವ ಪದ್ಧತಿಯುಂಟು. ಅದರಿಂದ ಮಕ್ಕಳು ಹಿಂದಿನ ರಾತ್ರಿ ಕುಳಿತು ಲೆಕ್ಕವನ್ನು ಹೊಂದಿಸಿ ಬರೆಯುವುದನ್ನು ಬೇಗನೆ ಕಲಿಯುತ್ತಾರೆ. "ಎಂಟು ರೂಪಾಯಿ ಎಲ್ಲಿ ಹೋಯಿತೋ ನೆನಪಿಲ್ಲ" ಎಂದು ಬರೆದ ಪುಸ್ತಕದ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆಯದೆ, ಕೆಳಗೆ ರುಜು ಹಾಕಿ ಹಿಂದಿರುಗಿಸಿದರೆ ಸಾಕು.