ಕುಸುಮರೋಗ ಮತ್ತು ವಂಶವಾಹಿ ಚಿಕಿತ್ಸೆ

ಕಬಡ್ಡಿ ಆಡುವಾಗ ಮೊಣಕಾಲು ತರಚಿದರೆ ಧಾರವಾಡದ ಹುಡುಗರು ಅಂಗಳದ ಕೆಮ್ಮಣ್ಣನ್ನೇ ಗಾಯಕ್ಕೆ ಒತ್ತಿ ಆಟ ಮುಂದುವರಿಸುವುದುಂಟು. ಇದು ಒಳ್ಳೆಯ ಅಭ್ಯಾಸವಲ್ಲ. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರಬಹುದು. ರಕ್ತವನ್ನು ನಿಲ್ಲಿಸುವುದು ಮಣ್ಣಲ್ಲ, ರಕ್ತದಲ್ಲಿಯೇ ಇರುವ ಹೆಪ್ಪುಗಟ್ಟುವ ಗುಣ. ಈ ಕಾರ್ಯಕ್ಕೆ ಹಲವು ಘಟಕಗಳು ಬೇಕು. ಅವುಗಳಲ್ಲಿ ಎಂಟನೆಯ ಘಟಕದ ಕೊರತೆಯಿಂದ ಬರುವ ವ್ಯಾಧಿಯೇ ಹಿಮೋಫಿಲಿಯಾ 'ಎ'. ಹಿಮೋಫಿಲಿಯಾವನ್ನು ಕನ್ನಡದಲ್ಲಿ ಕುಸುಮರೋಗವೆನ್ನುವರು.

ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಈ ರೋಗವಿರುತ್ತದೆ. ಹೊರಗಿನ ಗಾಯಕ್ಕಿಂತ ಒಳಗಿನ ರಕ್ತಸ್ರಾವವೇ ಹೆಚ್ಚು ಘೋರವಾದುದು. ಮೊಣಕಾಲು, ಮೊಣಕೈಗಳ ಕೀಲುಗಳಲ್ಲಿ ರಕ್ತ ಮತ್ತೆ ಮತ್ತೆ ತುಂಬಿ, ಬಾಲಕನು ಕ್ರಮೇಣ ಕುಂಟನಾಗುವನು. ಎಂಟನೆಯ ಘಟಕವನ್ನು ತಯಾರಿಸುವ ವಂಶವಾಹಿ 'ಎಕ್ಸ್' ವರ್ಣತಂತುವಿನಲ್ಲಿದೆ. ಗಂಡಿಗೆ ಇಂತಹ ವರ್ಣತಂತು ಒಂದೇ. ಅದು ತಾಯಿಯಿಂದ ಬಂದುದು. ಆದುದರಿಂದಲೇ ಅನೇಕ ಮನೆಗಳಲ್ಲಿ ತಾಯಿಯನ್ನು ದೂಷಿಸುವರು. ಇದು ಅನ್ಯಾಯ. ಮೂರರಲ್ಲಿ ಒಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಈ ರೋಗದ ಸುಳಿವೇ ಇರುವುದಿಲ್ಲ.

ಇಲ್ಲದ ಘಟಕವನ್ನು ಸೂಜಿಮದ್ದಿನ ಮೂಲಕ ಕೊಡುವುದು ರೂಢಿಯ ಚಿಕಿತ್ಸೆ. ಆದರೆ ಸುಮಾರು 12 ಗಂಟೆಗಳಲ್ಲಿ ಅದರ ಅರ್ಧಭಾಗ ಕರಗಿಹೋಗುವುದು. ವಾರಕ್ಕೆ ಎರಡು ಮೂರು ಬಾರಿ ಚುಚ್ಚಿಸಿಕೊಳ್ಳಬೇಕು. ಧಾರವಾಡದಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದೂರದ ದಾವಣಗೆರೆಯಲ್ಲಿ ಡಾ. ಸುರೇಶ ಹನಗವಾಡಿಯವರು, ಸ್ವತಃ ಈ ರೋಗವುಳ್ಳವರಾಗಿದ್ದೂ ವೈದ್ಯರಾಗಿ, ರೋಗಿಗಳ ಸಂಘವನ್ನು ಕಟ್ಟಿ ಬೆಳೆಸಿದರು.

ಮದ್ದನ್ನು ಹೊರಗಿನಿಂದ ಕೊಡುವ ಬದಲು ದೇಹವೇ ಅದನ್ನು ತಯಾರಿಸುವಂತೆ ಮಾಡಬಾರದೇಕೆ? ವಂಶವಾಹಿ ಚಿಕಿತ್ಸೆಯ ಉದ್ದೇಶವೇ ಇದು. ನಿರುಪದ್ರವಿಯಾಗಿಸಿದ ವೈರಸ್ಸನ್ನು ವಾಹನವಾಗಿಸಿ, ಸರಿಯಾದ ವಂಶವಾಹಿಯನ್ನು ಜೀವಕೋಶದೊಳಕ್ಕೆ ಸಾಗಿಸುವರು. ಒಂಬತ್ತನೆಯ ಘಟಕದ ಕೊರತೆಗಾಗಿ 2022ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಂತಹ ಮದ್ದಿನ ಬೆಲೆ 35 ಲಕ್ಷ ಡಾಲರ್, ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 28 ಕೋಟಿ ರೂಪಾಯಿ! ಆ ಬಗೆಯ ವೈರಸ್ಸಿಗೆ ಹಲವರ ದೇಹ ಮೊದಲೇ ಪ್ರತಿರೋಧ ಬೆಳೆಸಿಕೊಂಡಿರುವುದು ಇನ್ನೊಂದು ತೊಡಕು.

ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಬೇರೆ ದಾರಿ ಹಿಡಿದರು. ಅಲ್ಲಿನ ಆಕರಕೋಶ ಸಂಶೋಧನಾ ಕೇಂದ್ರವು ಬೆಂಗಳೂರಿನ 'ಇನ್‌ಸ್ಟೆಮ್' ಸಂಸ್ಥೆಯ ಅಂಗವಾಗಿದೆ. ರೋಗಿಯ ರಕ್ತದ ಆಕರಕೋಶಗಳನ್ನೇ ಹೊರತೆಗೆದು, ಪ್ರಯೋಗಶಾಲೆಯಲ್ಲಿ ಅವುಗಳಿಗೆ ಎಂಟನೆಯ ಘಟಕದ ವಂಶವಾಹಿಯನ್ನು ಸೇರಿಸಿ, ಮರಳಿ ದೇಹಕ್ಕೆ ಹರಿಸಿದರು. ಅದಕ್ಕೆ ಮೊದಲು ತೀಕ್ಷ್ಣವಾದ ಔಷಧಗಳಿಂದ ಅಸ್ಥಿಮಜ್ಜೆಯಲ್ಲಿ ಸ್ಥಳ ತೆರವುಗೊಳಿಸಬೇಕು. ಇದು ಸುಲಭದ ಚಿಕಿತ್ಸೆಯಲ್ಲ. 22ರಿಂದ 41 ವರ್ಷ ವಯಸ್ಸಿನ ಐವರು ಈ ಸಾಹಸಕ್ಕೆ ಒಪ್ಪಿದರು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ವರದಿಯಂತೆ, ಮೊದಲು ಮೇಲಿಂದ ಮೇಲೆ ರಕ್ತಸ್ರಾವಕ್ಕೆ ಗುರಿಯಾಗುತ್ತಿದ್ದ ಆ ಐವರಲ್ಲಿ, ಚಿಕಿತ್ಸೆಯ ಬಳಿಕ ಗಮನಿಸಿದ ಅವಧಿಯಲ್ಲಿ ಒಮ್ಮೆಯೂ ರಕ್ತಸ್ರಾವವಾಗಲಿಲ್ಲ.

ಐವರು ಸಣ್ಣ ಸಂಖ್ಯೆ. ಅಲ್ಲದೆ ಈ ಚಿಕಿತ್ಸೆಯು ಬದಲಿಸುವುದು ರಕ್ತದ ಕೋಶಗಳನ್ನು ಮಾತ್ರ. ಸಂತಾನಕ್ಕೆ ಕಾರಣವಾದ ಕೋಶಗಳು ಇದ್ದಂತೆಯೇ ಉಳಿಯುತ್ತವೆ. ಚಿಕಿತ್ಸೆ ಪಡೆದವನಿಗೆ ಮಗಳು ಹುಟ್ಟಿದರೆ, ಅವಳೂ ತಂದೆಯ ಆ ದೋಷವುಳ್ಳ ವಂಶವಾಹಿಯನ್ನು ಹೊತ್ತೇ ಹುಟ್ಟುವಳು.