ಕ್ಲಾಸ್ ಇಲ್ಲದೆ ಆಬ್ಜೆಕ್ಟ್: ಒಂದು ಮೆಟ್ರೊ ಕಾರ್ಡಿನ ಕಥೆ

ಕಳೆದ ಸೆಮಿಸ್ಟರಿನ ವೈವಾದಲ್ಲಿ ನಮ್ಮಲ್ಲಿ ನಾಲ್ವರಿಗೆ ಒಂದೇ ಪ್ರಶ್ನೆ ಬಂತು: ಆಬ್ಜೆಕ್ಟ್ ಅಂದ್ರೆ ಏನು? ನಾಲ್ವರೂ ಹೇಳಿದ್ದು ‘ಕ್ಲಾಸಿನ ಇನ್‌ಸ್ಟೆನ್ಸ್’ ಅಂತ. ಹಾಗಾದ್ರೆ ಕ್ಲಾಸ್ ಅಂದ್ರೆ? ‘ಆಬ್ಜೆಕ್ಟಿನ ಬ್ಲೂಪ್ರಿಂಟ್.’ ಕೇಳಿದವರು ನಕ್ಕು ಮುಂದಿನವರನ್ನು ಕರೆದರು. ಮಾರ್ಕ್ಸ್ ಹೋಯಿತು, ಸರಿ. ಆದರೆ ಎರಡು ವರ್ಷ ಜಾವಾ ಬರೆದ ಮೇಲೂ ನಮಗೆ ಗೊತ್ತಿದ್ದದ್ದು ಗಾಣದೆತ್ತಿನ ಹಾಗೆ ಸುತ್ತುವ ಎರಡು ವಾಕ್ಯ ಮಾತ್ರ ಅನ್ನೋದು ಜಾಸ್ತಿ ಚುಚ್ಚಿತು. ನಮ್ಮಲ್ಲಿ ಇಬ್ಬರು ಪಿಯುಸಿವರೆಗೂ ಕನ್ನಡ ಮಾಧ್ಯಮದವರು. ಇಂಗ್ಲಿಷ್ ವ್ಯಾಖ್ಯೆ ಉರು ಹೊಡೆಯೋದೇ ಓದು ಅಂದುಕೊಂಡಿದ್ದವರು.

ಹಾಗಾಗಿ ಕ್ಲಬ್ಬಿನಲ್ಲಿ ಒಂದು ಪಣ ತೊಟ್ಟೆವು: ಕ್ಲಾಸ್ ಅನ್ನೋ ಪದವನ್ನೇ ಮುಟ್ಟದೆ ಒಂದು ಆಬ್ಜೆಕ್ಟ್ ಕಟ್ಟಬೇಕು, ಅದೂ ಕನ್ನಡದಲ್ಲಿ. ಅದಕ್ಕೆ ಆರಿಸಿದ್ದು ಲಿಸ್ಪ್ ಮನೆತನದ ರ್ಯಾಕೆಟ್. ಅದರಲ್ಲಿ ‘ಡಿಫೈನ್’ ಅನ್ನು ಆಮದು ಮಾಡಿಕೊಳ್ಳುವಾಗಲೇ ‘ಹೆಸರಿಡು’ ಎಂದು ಬದಲಿಸಿಕೊಳ್ಳಬಹುದು. ‘ಸೆಟ್!’ ನಮಗೆ ‘ಬದಲಿಸು!’ ಆಯಿತು, ‘ಕೇಸ್’ ‘ಆಯ್ಕೆ’ ಆಯಿತು, ‘ಎಲ್ಸ್’ ‘ಇಲ್ಲವೇ’. ಲ್ಯಾಂಬ್ಡಾ ಮಾತ್ರ ಹಾಗೇ ಉಳಿಯಿತು, ಆ ಗ್ರೀಕ್ ಅಕ್ಷರಕ್ಕೆ ನಾವೇನು ಹೆಸರಿಡೋದು.

ಕಾಲೇಜಿಗೆ ಬರೋಕೆ ನಾವು ದಿನಾ ಜ್ಞಾನಭಾರತಿ ಸ್ಟೇಷನ್ನಿನಲ್ಲಿ ಇಳಿಯೋದು. ಕೈಯಲ್ಲೇ ಇರುವ ಮೆಟ್ರೊ ಕಾರ್ಡಿಗಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗಬೇಕು?

(ಹೆಸರಿಡು (ಹೊಸಕಾರ್ಡು ಹಣ)
  (ಲ್ಯಾಂಬ್ಡಾ (ಸಂದೇಶ ಮೊತ್ತ)
    (ಆಯ್ಕೆ ಸಂದೇಶ
      ((ತುಂಬು) (ಬದಲಿಸು! ಹಣ (+ ಹಣ ಮೊತ್ತ)) ಹಣ)
      ((ಕಡಿ) (ಬದಲಿಸು! ಹಣ (- ಹಣ ಮೊತ್ತ)) ಹಣ)
      ((ನೋಡು) ಹಣ))))

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಇಲ್ಲಿ ಮೊದಲಿಗೆ. ಎರಡು ದಿನದಲ್ಲಿ ಒಗ್ಗುತ್ತೆ. ಈಗ ಎರಡು ಕಾರ್ಡು ಮಾಡೋಣ:

(ಹೆಸರಿಡು ನನ್ನದು (ಹೊಸಕಾರ್ಡು 200))
(ಹೆಸರಿಡು ನಿನ್ನದು (ಹೊಸಕಾರ್ಡು 100))
(ನನ್ನದು 'ಕಡಿ 30) → 170
(ನಿನ್ನದು 'ನೋಡು 0) → 100

ಇಲ್ಲಿ ನಿಂತು ಯೋಚಿಸಬೇಕು. ‘ಹೊಸಕಾರ್ಡು’ ಫಂಕ್ಷನ್ ತನ್ನ ಕೆಲಸ ಮುಗಿಸಿ ಹೋಗಿಯಾಯ್ತು. ಸಿ ಭಾಷೆಯಲ್ಲಾಗಿದ್ದರೆ ಅದರ ಲೋಕಲ್ ವೇರಿಯಬಲ್ ‘ಹಣ’ವೂ ಸ್ಟ್ಯಾಕ್ ಜೊತೆಗೇ ಮಾಯ. ಇಲ್ಲಿ ಮಾತ್ರ ಉಳಿದಿದೆ, ಯಾಕೆಂದರೆ ಹೊರಗೆ ಬಂದ ಲ್ಯಾಂಬ್ಡಾ ಅದನ್ನು ಹಿಡಿದುಕೊಂಡಿದೆ. ಹಿಡಿದವರು ಇರುವ ತನಕ ಗಾರ್ಬೇಜ್ ಕಲೆಕ್ಟರ್ ಮುಟ್ಟುವಂತಿಲ್ಲ. ಊರಿಂದ ಹಾಸ್ಟೆಲಿಗೆ ಬರುವಾಗ ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಜಾಡಿ ಇದ್ದ ಹಾಗೆ: ಮನೆ ಹಿಂದೆ ಉಳಿಯಿತು, ಜಾಡಿ ಜೊತೆಗೆ ಬಂತು. ಫಂಕ್ಷನ್ ಮತ್ತು ಅದು ಹುಟ್ಟಿದ ಪರಿಸರ, ಈ ಜೋಡಿಗೇ ಕ್ಲೋಷರ್ ಅಂತಾರೆ. ‘ಹೊಸಕಾರ್ಡು’ ಕರೆದಾಗಲೆಲ್ಲ ಹೊಸ ಪರಿಸರ, ಹೊಸ ಜಾಡಿ. ನಮ್ಮ ಮೊದಲ ಆವೃತ್ತಿಯಲ್ಲಿ ‘ಹಣ’ವನ್ನು ಹೊರಗೆ ಗ್ಲೋಬಲ್ ಆಗಿ ಇಟ್ಟಿದ್ದೆವು, ಒಬ್ಬರು ಪ್ರಯಾಣ ಮಾಡಿದರೆ ಎಲ್ಲರ ದುಡ್ಡೂ ಕರಗುತ್ತಿತ್ತು.

ಇನ್ನೊಂದು ಲಾಭ ಗಮನಿಸಿ. ಹೊರಗಿನಿಂದ ‘ಹಣ’ಕ್ಕೆ ಕೈ ಹಾಕೋಕೆ ದಾರಿಯೇ ಇಲ್ಲ, ಸಂದೇಶ ಕಳಿಸಿಯೇ ಕೇಳಬೇಕು. ಪೈಥಾನಿನಲ್ಲಿ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕೋದು ‘ದಯವಿಟ್ಟು ಮುಟ್ಟಬೇಡಿ’ ಅನ್ನೋ ಬೋರ್ಡು ಮಾತ್ರ. ಇಲ್ಲಿರೋದು ನಿಜವಾದ ಗೋಡೆ.

ಇದು ನಮ್ಮ ಆವಿಷ್ಕಾರವೇನಲ್ಲ. 1975ರಲ್ಲಿ ಎಂಐಟಿಯಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್, ಸಂದೇಶಗಳನ್ನು ಕಳಿಸಿಕೊಳ್ಳುವ ‘ಆ್ಯಕ್ಟರ್’ಗಳ ಬಗ್ಗೆ ಕಾರ್ಲ್ ಹೆವಿಟ್ ಹೇಳುತ್ತಿದ್ದುದನ್ನು ಅರ್ಥ ಮಾಡಿಕೊಳ್ಳೋಕೆ ಒಂದು ಪುಟ್ಟ ಲಿಸ್ಪ್ ಕಟ್ಟಿದರು. ಆ್ಯಕ್ಟರಿಗೂ ಲ್ಯಾಂಬ್ಡಾಗೂ ಬೇರೆ ಬೇರೆ ವ್ಯವಸ್ಥೆ ಬರೆದು ನೋಡಿದರೆ, ಎರಡನ್ನೂ ನಡೆಸುವ ಕೋಡ್ ಒಂದೇ ಆಗಿತ್ತು! ಆ ಪುಟ್ಟ ಭಾಷೆಯೇ ಸ್ಕೀಮ್. ನಮ್ಮ ರ್ಯಾಕೆಟ್ ಅದರ ವಂಶದ್ದು. 1995ರಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಮಾಡುವಾಗ ಸ್ಕೀಮಿನ ಪ್ರಭಾವ ಇತ್ತು. ಅದಕ್ಕೆ ‘ಕ್ಲಾಸ್’ ಪದ ಬಂದದ್ದು 2015ರಲ್ಲಿ. ಅಲ್ಲಿಯವರೆಗೆ ಡೇಟಾ ಬಚ್ಚಿಡೋಕೆ ಜನ ಮಾಡುತ್ತಿದ್ದದ್ದು ಈ ಜಾಡಿ ಉಪಾಯವನ್ನೇ.

ನಾವು ನಿಜವಾಗಿ ಒದ್ದಾಡಿದ್ದು ಇನ್‌ಹೆರಿಟೆನ್ಸ್‌ನಲ್ಲಿ. ವಿದ್ಯಾರ್ಥಿಗಳಿಗೆ ಅರ್ಧ ದರದ ಕಾರ್ಡು ಬೇಕು ಅಂದುಕೊಳ್ಳಿ (ದರಗಳೂ ರಿಯಾಯಿತಿಯೂ ನಮ್ಮ ಕಲ್ಪನೆ, ಸ್ಟೇಷನ್ನಿನಲ್ಲಿ ಹೋಗಿ ಕೇಳಬೇಡಿ). ಮೂಲ ಕಾರ್ಡಿಗೆ ‘ದರ’, ‘ಪ್ರಯಾಣ’ ಎಂಬ ಎರಡು ಸಂದೇಶ ಕಲಿಸಿದೆವು: ನಿಲ್ದಾಣಕ್ಕೆ 5 ರೂಪಾಯಿ, ‘ಪ್ರಯಾಣ’ ಬಂದರೆ ‘ದರ’ ಕೇಳಿ ಅಷ್ಟು ಕಡಿ. ವಿದ್ಯಾರ್ಥಿ ಕಾರ್ಡು ತನ್ನೊಳಗೆ ಒಂದು ಮೂಲ ಕಾರ್ಡನ್ನು ಇಟ್ಟುಕೊಂಡು, ‘ದರ’ಕ್ಕೆ ಮಾತ್ರ ತಾನೇ ಉತ್ತರ ಕೊಟ್ಟು, ಉಳಿದದ್ದನ್ನು ಮೂಲಕ್ಕೆ ದಾಟಿಸುತ್ತೆ.

ಜ್ಞಾನಭಾರತಿಯಿಂದ ವಿಜಯನಗರಕ್ಕೆ ಆರು ನಿಲ್ದಾಣ. 100 ರೂಪಾಯಿಯಲ್ಲಿ 15 ಹೋಗಿ 85 ಉಳಿಯಬೇಕು. ಬಂದದ್ದು 70. ಪೂರ್ತಿ ದರ ಕಡಿದಿತ್ತು!

ಒಂದು ಸಂಜೆ ಪೂರ್ತಿ ಹುಡುಕಿದ ಮೇಲೆ ಹೊಳೆಯಿತು. ‘ಪ್ರಯಾಣ’ ಮೂಲದ ಕೈಗೆ ಹೋದ ಮೇಲೆ, ಮೂಲ ಕೇಳಿದ್ದು ತನ್ನದೇ ದರವನ್ನು. ತನ್ನನ್ನು ಒಳಗಿಟ್ಟುಕೊಂಡ ವಿದ್ಯಾರ್ಥಿ ಕಾರ್ಡು ಒಂದಿದೆ ಅನ್ನೋದೇ ಪಾಪ ಅದಕ್ಕೆ ಗೊತ್ತಿಲ್ಲ. ಪರಿಹಾರಕ್ಕೆ ಕನ್ನಡದ ಪದವೇ ಒದಗಿತು. ‘ಅವಳು ತಾನು ಬರಲ್ಲ ಅಂದಳು’ ಅಂದಾಗ ‘ತಾನು’ ಯಾರು? ಮಾತು ಯಾರದೋ ಅವರು, ತಲುಪಿಸಿದವರಲ್ಲ. ಹಾಗೇ, ಸಂದೇಶ ಮೊದಲು ಯಾರಿಗೆ ಬಂತೋ ಅವರನ್ನು ಪ್ರತಿ ಕರೆಯಲ್ಲೂ ಜೊತೆಗೆ ಕಳಿಸಬೇಕು:

(ಹೆಸರಿಡು (ಹೊಸಕಾರ್ಡು ಹಣ)
  (ಲ್ಯಾಂಬ್ಡಾ (ತಾನು ಸಂದೇಶ ಸಂಖ್ಯೆ)
    (ಆಯ್ಕೆ ಸಂದೇಶ
      ((ದರ) (* 5 ಸಂಖ್ಯೆ))
      ((ಪ್ರಯಾಣ)
        (ಬದಲಿಸು! ಹಣ (- ಹಣ (ತಾನು ತಾನು 'ದರ ಸಂಖ್ಯೆ)))
        ಹಣ)
      ((ನೋಡು) ಹಣ))))

(ಹೆಸರಿಡು (ವಿದ್ಯಾರ್ಥಿಕಾರ್ಡು ಹಣ)
  (ಹೆಸರಿಡು ಮೂಲ (ಹೊಸಕಾರ್ಡು ಹಣ))
  (ಲ್ಯಾಂಬ್ಡಾ (ತಾನು ಸಂದೇಶ ಸಂಖ್ಯೆ)
    (ಆಯ್ಕೆ ಸಂದೇಶ
      ((ದರ) (/ (ಮೂಲ ತಾನು 'ದರ ಸಂಖ್ಯೆ) 2))
      (ಇಲ್ಲವೇ (ಮೂಲ ತಾನು ಸಂದೇಶ ಸಂಖ್ಯೆ)))))

(ಹೆಸರಿಡು ಪಾಸು (ವಿದ್ಯಾರ್ಥಿಕಾರ್ಡು 100))
(ಪಾಸು ಪಾಸು 'ಪ್ರಯಾಣ 6) → 85

‘ತಾನು ತಾನು’ ಮೊದಲು ತಮಾಷೆ ಅನ್ನಿಸುತ್ತೆ. ಮೊದಲನೆಯದು ಯಾರನ್ನು ಕರೆಯೋದು ಅಂತ, ಎರಡನೆಯದು ಯಾರ ಪರವಾಗಿ ಅಂತ. ಪೈಥಾನಿನ ಪ್ರತಿ ಮೆಥಡ್‌ನಲ್ಲೂ ಮೊದಲು ‘ಸೆಲ್ಫ್’ ಯಾಕೆ ಬರೆಯಬೇಕು ಅಂತ ಗೊಣಗುತ್ತಿದ್ದೆವಲ್ಲ, ಅದು ಇದೇ. ಜಾವಾದ ‘ದಿಸ್’ ಕೂಡ ಇದೇ, ಬರೆಯದೆ ಬಿಟ್ಟರೂ ಕಂಪೈಲರ್ ಸೇರಿಸಿಕೊಳ್ಳುತ್ತೆ ಅಷ್ಟೆ.

ನಷ್ಟವೂ ಇದೆ. ಸಂದೇಶದ ಕಾಗುಣಿತ ತಪ್ಪಿದರೆ ಕಂಪೈಲರ್ ಎಚ್ಚರಿಸಲ್ಲ, ಪ್ರೋಗ್ರಾಂ ಓಡುವಾಗಲೇ ಗೊತ್ತಾಗೋದು. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಾಟ: ಕೆಲವು ಕೀಬೋರ್ಡುಗಳು ‘ಕಾರ್ಡ್’ ಎಂದು ಹಲಂತದಲ್ಲಿ ಮುಗಿಯುವ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ. ಎರಡು ಹೆಸರು ನೋಡೋಕೆ ಒಂದೇ, ರ್ಯಾಕೆಟ್‌ಗೆ ಬೇರೆ ಬೇರೆ. ಇದರಿಂದ ಮುಕ್ಕಾಲು ಗಂಟೆ ಕಳೆದುಕೊಂಡ ಮೇಲೆ ನಮ್ಮ ಕೋಡಿನಲ್ಲೆಲ್ಲ ‘ಕಾರ್ಡ್’ ಹೋಗಿ ‘ಕಾರ್ಡು’ ಆಯಿತು.

ಮಾಡಿ ನೋಡೋಕೆ ಒಂದು ಲೆಕ್ಕ: ‘ಹೊಸಕಾರ್ಡು’, ‘ವಿದ್ಯಾರ್ಥಿಕಾರ್ಡು’ ಎರಡರ ಒಂದು ಸಾಲನ್ನೂ ತಿದ್ದದೆ, ಯಾವ ಕಾರ್ಡನ್ನು ಕೊಟ್ಟರೂ ಒಳಗಿಟ್ಟುಕೊಂಡು ಎಷ್ಟು ಪ್ರಯಾಣ ಆಯಿತೆಂದು ಎಣಿಸುವ ‘ಎಣಿಕೆಕಾರ್ಡು’ ಬರೆಯಿರಿ. ವಿದ್ಯಾರ್ಥಿ ಕಾರ್ಡನ್ನು ಕೊಟ್ಟಾಗಲೂ 85 ಬರಬೇಕು. 70 ಬಂದರೆ, ‘ತಾನು’ ಎಲ್ಲಿ ಕಳೆದುಹೋಯಿತು ಅಂತ ಹುಡುಕಿ.