ಚಿತ್ರಶಾಲೆಯೂ ಸಂಸಾರವೂ

ಕಲಾವಿದನ ಬಾಳು ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಒಂದು ಸುಂದರವಾದ ದೃಶ್ಯ ಬಂದು ನಿಲ್ಲುತ್ತದೆ. ದೊಡ್ಡ ಕಿಟಕಿಯುಳ್ಳ ಕೋಣೆ. ಉತ್ತರದ ಕಡೆಯಿಂದ ಒಳಗೆ ಬೀಳುವ ತಂಪಾದ ಬೆಳಕು. ಹಲಗೆಯ ಮೇಲೆ ಅರ್ಧ ಮುಗಿದ ಚಿತ್ರ. ಅದರೆದುರು ಲೋಕವನ್ನೇ ಮರೆತು ಕುಳಿತ ಚಿತ್ರಕಾರ. ಈ ದೃಶ್ಯ ಸುಳ್ಳಲ್ಲ, ಆದರೆ ಅಪೂರ್ಣ. ಆ ಕೋಣೆಗೆ ಬಾಡಿಗೆ ಕೊಡುವವರು ಯಾರು? ಮನೆಯಲ್ಲಿ ಅಕ್ಕಿ ಮುಗಿದಿದೆಯೆಂಬ ಮಾತು ಅವನ ಕಿವಿಗೆ ಬೀಳುವುದಿಲ್ಲವೇ? ಮಗುವಿಗೆ ಜ್ವರ ಬಂದ ದಿನ ಕುಂಚವನ್ನು ಹಿಡಿಯುವವರು ಯಾರು, ಔಷಧವನ್ನು ತರುವವರು ಯಾರು? ಈ ಪ್ರಶ್ನೆಗಳನ್ನು ಕಲೆಯ ಗ್ರಂಥಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಆದರೆ ಚಿತ್ರಕಲೆಯನ್ನು ಕಲಿತ ನೂರು ಜನರಲ್ಲಿ ಬಹುಮಂದಿ ಕುಂಚವನ್ನು ಕೆಳಗಿಡುವುದು ಪ್ರತಿಭೆಯ ಕೊರತೆಯಿಂದಲ್ಲ. ಈ ಪ್ರಶ್ನೆಗಳಿಗೆ ಉತ್ತರ ದೊರೆಯದೆ. ಆದುದರಿಂದ, ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಸಿದ್ಧರಾಗುವ ವಿದ್ಯಾರ್ಥಿ ವಿದ್ಯಾರ್ಥಿನಿಯರ ಸಲುವಾಗಿ ಈ ವಿಷಯವನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಉದಾಹರಣೆಗಾಗಿ ನಾವು ಭೋರ್ ಪಟ್ಟಣವನ್ನು ಆರಿಸಿಕೊಂಡಿದ್ದೇವೆ. ಅದು ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ, ಸಹ್ಯಾದ್ರಿಯ ಮಡಿಲಿನಲ್ಲಿ, ನೀರಾ ನದಿಯ ದಡದಲ್ಲಿದೆ. ಅದರ ಸಮೀಪದಲ್ಲಿಯೇ 1928ರಲ್ಲಿ ಪೂರ್ಣಗೊಂಡ ಭಾಟಘರ್ ಅಣೆಕಟ್ಟು ಇದೆ. ಮರಾಠಾ ರಾಜ್ಯದ ಅಷ್ಟಪ್ರಧಾನರಲ್ಲಿ ಒಬ್ಬರಾದ ಪಂತ ಸಚಿವರ ವಂಶದವರು ಇಲ್ಲಿ ಆಳಿದರು. 1948ರಲ್ಲಿ ಈ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರದ ಕೆತ್ತನೆಯಿಂದ ಕೂಡಿದ ಅಲ್ಲಿನ ರಾಜವಾಡೆಯನ್ನು ಅನೇಕ ಚಲನಚಿತ್ರಗಳಲ್ಲಿ ನಾವು ಹೆಸರು ತಿಳಿಯದೆಯೇ ನೋಡಿದ್ದೇವೆ. ಕೋಟೆ, ಘಟ್ಟ, ಗದ್ದೆ, ಹೊಳೆ, ಹಳೆಯ ವಾಡೆ ಇವೆಲ್ಲ ಒಂದೇ ಕಡೆ ದೊರೆಯುವ ಇಂಥ ಊರು ಚಿತ್ರಕಾರನಿಗೆ ಸ್ವರ್ಗವೆಂದೇ ಹೇಳಬೇಕು. ಆದರೆ ಚಿತ್ರಕ್ಕೆ ವಸ್ತು ದೊರೆಯುವ ಊರಿನಲ್ಲಿ ಚಿತ್ರಕ್ಕೆ ಬೆಲೆ ದೊರೆಯುವುದೆಂಬ ನಿಯಮವೇನೂ ಇಲ್ಲ.

ಸಂಸ್ಥಾನಗಳಿದ್ದ ಕಾಲದಲ್ಲಿ ಚಿತ್ರಕಾರನು ಅರಮನೆಯ ಕಡೆಗೆ ನೋಡುತ್ತಿದ್ದನು. ಸಾತಾರಾ ಪ್ರಾಂತದ ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ತಾವೇ ಚಿತ್ರಕಾರರಾಗಿದ್ದು, 1938ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನೂ ಸ್ಥಾಪಿಸಿದರು. ಇಂದು ಅರಮನೆಯ ಸ್ಥಾನದಲ್ಲಿ ಊರಿದೆ. ಊರು ಒಮ್ಮೆಗೇ ದೊಡ್ಡ ಕೆಲಸವನ್ನು ಕೊಡುವುದಿಲ್ಲ. ನೂರು ಸಣ್ಣ ಕೆಲಸಗಳನ್ನು ಕೊಡುತ್ತದೆ. ಶಾಲೆಯಲ್ಲಿ ಚಿತ್ರಕಲೆಯ ಪಾಠ, ತೀರಿಕೊಂಡ ಹಿರಿಯರ ಭಾವಚಿತ್ರ, ಗಣೇಶ ಚತುರ್ಥಿಯ ಮೂರ್ತಿಗಳಿಗೆ ಬಣ್ಣ, ಉತ್ಸವದ ಮಂಟಪ, ಶಾಲಾ ನಾಟಕದ ಪರದೆ, ಗೋಡೆಯ ಬರಹ ಇವೇ ಅವನ ಜೀವನೋಪಾಯ. ಅಂಗಡಿಗಳ ಫಲಕಗಳನ್ನು ಬರೆಯುವ ಕೆಲಸವೂ ಒಂದು ಕಾಲದಲ್ಲಿ ಅವನದೇ ಆಗಿತ್ತು. ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಬಂದ ಮೇಲೆ ಅದರ ದೊಡ್ಡ ಪಾಲು ಅವನ ಕೈತಪ್ಪಿತು.

ಇಂಥ ಊರಿನಲ್ಲಿರುವ ಚಿತ್ರಕಾರನ ವರ್ಷವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಜೂನ್ ತಿಂಗಳಲ್ಲಿ ಶಾಲೆ ತೆರೆಯುತ್ತದೆ, ಮಳೆ ಹಿಡಿಯುತ್ತದೆ. ಗದ್ದೆಯಿರುವ ಮನೆಯಾದರೆ ಜುಲೈಯಲ್ಲಿ ಭತ್ತದ ನಾಟಿಗೆ ಎಲ್ಲರೂ ಇಳಿಯಬೇಕು. ಅದರ ಬೆನ್ನಿಗೇ ಗಣಪತಿಯ ಮೂರ್ತಿಗಳ ಕೆಲಸ. ಹಬ್ಬದ ದಿನ ಮುಂದೆ ಹೋಗುವುದಿಲ್ಲವಾದ್ದರಿಂದ ಆಗ ರಾತ್ರಿಯೆಲ್ಲ ದುಡಿಯಬೇಕಾಗುತ್ತದೆ. ಬಳಿಕ ಮಕ್ಕಳ ಚಿತ್ರಕಲಾ ಪರೀಕ್ಷೆ, ನವರಾತ್ರಿ, ದೀಪಾವಳಿ. ಚಳಿಗಾಲದಲ್ಲಿ ಶಾಲೆಗಳ ಸಮ್ಮೇಳನ. ಬೇಸಿಗೆಯಲ್ಲಿ ಮದುವೆ, ಜಾತ್ರೆ, ನೆಂಟರು. ಇವುಗಳಲ್ಲಿ ಯಾವುದನ್ನೂ ಬೇಡವೆನ್ನುವಂತಿಲ್ಲ. ಒಂದು ಅನ್ನ ಕೊಡುತ್ತದೆ, ಇನ್ನೊಂದು ಮರ್ಯಾದೆ ಕೊಡುತ್ತದೆ. ಹಾಗಾದರೆ ಅವನ ಸ್ವಂತ ಚಿತ್ರಕ್ಕೆ ಉಳಿಯುವ ದಿನ ಯಾವುದು? ಬಿಡುವಿರುವ ಇಡೀ ದಿನಕ್ಕಾಗಿ ಕಾದವನಿಗೆ ಅಂಥ ದಿನ ಸಿಕ್ಕುವುದೇ ಇಲ್ಲ. ನಾವು ಕಲಿಯಬೇಕಾದ ಮೊದಲನೆಯ ಪಾಠವೇ ಇದು: ಸಮಯವು ಇಡಿಯಾಗಿ ದೊರೆಯದಿದ್ದಾಗ ತುಂಡುಗಳಲ್ಲಿ ಕೆಲಸ ಮಾಡುವುದನ್ನು ಅಭ್ಯಾಸ ಮಾಡಬೇಕು.

ಆದರೆ ಎಲ್ಲ ಕೆಲಸವನ್ನೂ ತುಂಡು ಮಾಡಲು ಬರುವುದಿಲ್ಲ. ಇಲ್ಲಿ ಸಾಮಗ್ರಿಗಳ ಸ್ವಭಾವವನ್ನು ತಿಳಿಯುವುದು ಅವಶ್ಯ. ಎಣ್ಣೆಬಣ್ಣವು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾದ ಒಂದು ಪದರಕ್ಕೂ ಕೆಲವು ದಿನಗಳು ಬೇಕು. ಇದನ್ನು ಅನೇಕರು ದೋಷವೆಂದು ತಿಳಿಯುತ್ತಾರೆ. ಬಿಡುವಿಲ್ಲದವನಿಗೆ ಮಾತ್ರ ಇದು ವರವೇ ಸರಿ. ಇಂದು ಅರ್ಧ ಗಂಟೆ ಒಂದು ಪದರ ಹಚ್ಚಿ, ವಾರವಿಡೀ ಬೇರೆ ಕೆಲಸ ಮಾಡಿ, ಮುಂದಿನ ವಾರ ಅದರ ಮೇಲೆ ಇನ್ನೊಂದನ್ನು ಹಚ್ಚಬಹುದು. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆಯ ಅಂಶ ಹೆಚ್ಚಾಗಿರಬೇಕೆಂಬ ನಿಯಮವನ್ನು ಮಾತ್ರ ಮರೆಯಬಾರದು. ಇಲ್ಲವಾದರೆ ಚಿತ್ರ ಬಿರುಕು ಬಿಡುತ್ತದೆ.

ಜಲವರ್ಣದ ಗುಣ ಇದಕ್ಕೆ ವಿರುದ್ಧ. ಆಕಾಶವನ್ನು ಬರೆಯತೊಡಗಿದರೆ ಕಾಗದದ ತೇವ ಆರುವುದರೊಳಗೆ ಮುಗಿಸಬೇಕು. ನಡುವೆ ಯಾರಾದರೂ ಬಾಗಿಲು ತಟ್ಟಿದರೆ ಕಾಗದದ ಮೇಲೆ ಅಳಿಸಲಾಗದ ಗೆರೆ ಉಳಿಯುತ್ತದೆ. ಆದ್ದರಿಂದ ಅದಕ್ಕೆ ಅನೇಕ ದಿನಗಳು ಬೇಡ. ಆದರೆ ಯಾರೂ ಕದಡದ ಎರಡು ಗಂಟೆ ಬೇಕು. ಪ್ಲಾಸ್ಟರ್ ಇನ್ನೂ ಕಠಿಣ; ನೀರು ಬೆರೆಸಿದ ಮೇಲೆ ಅರ್ಧ ಗಂಟೆಯೊಳಗಾಗಿ ಅದು ಗಟ್ಟಿಯಾಗುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ. ರೇಖಾಚಿತ್ರಕ್ಕಾದರೋ ಬಸ್ಸಿಗಾಗಿ ಕಾಯುವ ಹತ್ತು ನಿಮಿಷ ಸಾಕು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುವುದು, ಅದಕ್ಕೆ ಬಿಳಿಯ ಲೇಪ ಕೊಡುವುದು, ಕುಂಚ ತೊಳೆಯುವುದು ಇವು ದಣಿದ ಮನಸ್ಸಿನಿಂದಲೂ ಆಗುವ ಕೆಲಸಗಳು. ಮುಂಜಾನೆಯ ಚುರುಕಾದ ಗಂಟೆಯನ್ನು ಕುಂಚ ತೊಳೆಯಲು ಕಳೆದು, ರಾತ್ರಿ ತೂಕಡಿಸುತ್ತ ಮುಖದ ಭಾವವನ್ನು ತಿದ್ದಲು ಕೂರುವವನು ಸಮಯದ ಬಡವನಲ್ಲ, ಸಮಯದ ಲೆಕ್ಕ ತಿಳಿಯದವನು.

ಇನ್ನು ಈ ಮಾರ್ಗದಲ್ಲಿ ನಡೆದವರ ಕಡೆಗೆ ತಿರುಗೋಣ. ಕನ್ನಡನಾಡಿನ ಕೆ. ವೆಂಕಟಪ್ಪನವರು (1886–1965) ಮೈಸೂರಿನ ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನೀಲಗಿರಿ, ಕೊಡೈಕಾನಲ್‌ಗಳ ಮಂಜು, ಬೆಳದಿಂಗಳು, ಮಳೆಮೋಡಗಳನ್ನು ಅವರು ಜಲವರ್ಣದಲ್ಲಿ ಹಿಡಿದಿಟ್ಟರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಅವರು ಬರೆದಿಟ್ಟ ದಿನಚರಿಯ ಪುಸ್ತಕಗಳು ಉಳಿದುಬಂದಿವೆ. ಸಂಸಾರದ ತೊಡಕು ಬೇಡವೆಂದು ಅವಿವಾಹಿತರಾಗಿಯೇ ಉಳಿದ ಅವರಿಗೂ ಲೌಕಿಕದ ಕಾಟ ತಪ್ಪಲಿಲ್ಲ. ಆಶ್ರಯ ಕೊಟ್ಟ ಮಹಾರಾಜರು 1940ರಲ್ಲಿ ತೀರಿಕೊಂಡ ಮೇಲೆ, ಮಾಡಿದ ಕೆಲಸದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಎಲ್ಲವನ್ನೂ ತ್ಯಜಿಸಿದರೆ ಕಲೆಗೆ ಸಮಯ ಸಿಕ್ಕೇ ಸಿಕ್ಕುತ್ತದೆಂಬ ನಂಬಿಕೆ ಎಷ್ಟು ಸಡಿಲವಾದುದೆಂದು ಇದರಿಂದ ತಿಳಿಯುತ್ತದೆ.

ಧಾರವಾಡದ ಡಿ.ವಿ. ಹಾಲಭಾವಿಯವರದು ಬೇರೊಂದು ದಾರಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಅವರು ಊರಿನಲ್ಲಿಯೇ ಕಲಾಶಾಲೆಯನ್ನು ತೆರೆದರು. ಭಾವಚಿತ್ರಗಳನ್ನು ಬರೆದರು, ಪಾಠ ಹೇಳಿದರು. ಬೋಧನೆ ಅವರ ಕಲಾಜೀವನದ ಅಂಗವೇ ಆಯಿತು. ಅನ್ನದ ಕೆಲಸವನ್ನೂ ಆತ್ಮದ ಕೆಲಸವನ್ನೂ ಎರಡು ದಡಗಳೆಂದು ತಿಳಿಯದೆ ನಡುವೆ ಸೇತುವೆ ಕಟ್ಟಿದ ಮಾರ್ಗವಿದು. ಬೆಂಗಳೂರಿನ ರುಮಾಲೆ ಚನ್ನಬಸವಯ್ಯನವರು (1910–1988) ತಾರುಣ್ಯದಲ್ಲಿ ಚಿತ್ರಕಲೆಯನ್ನು ಕಲಿತರೂ ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕಾರಣಗಳಲ್ಲಿ ದಶಕಗಳನ್ನು ಕಳೆದರು. 1962ರ ನಂತರ ಮತ್ತೆ ಕುಂಚ ಹಿಡಿದು, ಹೂಬಿಟ್ಟ ಮರಗಳ ಬೆಂಗಳೂರನ್ನು ನಮಗೆ ಉಳಿಸಿಕೊಟ್ಟರು. ಬಿಟ್ಟುಹೋದ ಕಲೆಯ ಬಾಗಿಲು ಐವತ್ತರ ವಯಸ್ಸಿನಲ್ಲಿಯೂ ಮುಚ್ಚಿರುವುದಿಲ್ಲ.

ವಿದೇಶದ ಒಂದು ನಿದರ್ಶನವನ್ನೂ ನೋಡಬಹುದು. ಇಂಗ್ಲೆಂಡಿನ ಎಲ್.ಎಸ್. ಲೌರಿ (1887–1976) ಎಂಬ ಚಿತ್ರಕಾರರು ಮ್ಯಾಂಚೆಸ್ಟರಿನ ಒಂದು ಸಂಸ್ಥೆಯಲ್ಲಿ ಮನೆಬಾಡಿಗೆ ವಸೂಲಿಯ ಕೆಲಸಕ್ಕೆ 1910ರಲ್ಲಿ ಸೇರಿ, 1952ರಲ್ಲಿ ನಿವೃತ್ತರಾದರು. ನಲವತ್ತೆರಡು ವರ್ಷಗಳ ನೌಕರಿ! ತಂದೆ 1932ರಲ್ಲಿ ತೀರಿಕೊಂಡ ಮೇಲೆ ಹಾಸಿಗೆ ಹಿಡಿದ ತಾಯಿಯ ಸೇವೆಯೂ ಅವರ ಪಾಲಿಗೆ ಬಂದಿತು. ತಾಯಿ ಮಲಗಿದ ಮೇಲೆ ರಾತ್ರಿ ದೀಪದ ಬೆಳಕಿನಲ್ಲಿ ಅವರು ಚಿತ್ರ ಬರೆಯುತ್ತಿದ್ದರು. ಆದರೆ ಆ ಚಿತ್ರಗಳಲ್ಲಿ ಇರುವುದೇನು? ಗಿರಣಿಗಳು, ಹೊಗೆಯ ಕೊಳವೆಗಳು, ಕೆಲಸ ಬಿಟ್ಟು ಮನೆಗೆ ನಡೆಯುವ ಜನ. ಬಾಡಿಗೆ ವಸೂಲಿಗಾಗಿ ಬೀದಿಬೀದಿ ಅಲೆದಾಗ ಕಂಡ ಲೋಕವೇ ಅದು. ಹಗಲಿನ ಕೆಲಸವು ಕೈಯ ಸಮಯವನ್ನು ಕಸಿದುಕೊಂಡಿತು, ಕಣ್ಣಿಗೆ ವಸ್ತುವನ್ನು ಕೊಟ್ಟಿತು. ಭೋರ್‌ನ ಪೇಟೆಯಲ್ಲಿ ಗೋಡೆಬರಹಕ್ಕೆ ಏಣಿ ಹತ್ತಿದವನಿಗೂ ಮೇಲಿನಿಂದ ಕಾಣುವ ಬೀದಿ ಒಂದು ಚಿತ್ರವೇ ಅಲ್ಲವೇ?

ಈ ನಿದರ್ಶನಗಳಿಂದ ನಾವು ಒಂದು ತಪ್ಪು ಪಾಠವನ್ನು ಕಲಿಯಬಾರದು. ಮನಸ್ಸಿದ್ದರೆ ಮಾರ್ಗವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಚಿತ್ರಕಾರನು ಕದ ಹಾಕಿಕೊಂಡು ಕುಳಿತ ಒಂದು ಗಂಟೆಯನ್ನು ಆ ಮನೆಯಲ್ಲಿ ಇನ್ನೊಬ್ಬರು ತಮ್ಮ ದುಡಿಮೆಯಿಂದ ಕೊಂಡುಕೊಟ್ಟಿರುತ್ತಾರೆ. ಆ ಹೊತ್ತಿನಲ್ಲಿ ನೀರು ತುಂಬಿದವರು, ಮಗುವನ್ನು ಆಡಿಸಿದವರು, ಬಂದವರಿಗೆ ಚಹಾ ಕೊಟ್ಟು ಕಳುಹಿಸಿದವರು ಯಾರು? ಬಹುಮಟ್ಟಿಗೆ ಮನೆಯ ಹೆಂಗಸರು. ಅವರಲ್ಲಿಯೂ ಚಿತ್ರ ಬರೆಯಬಲ್ಲವರಿರುವುದಿಲ್ಲವೇ? ಹೊಸ್ತಿಲ ಮುಂದೆ ಪ್ರತಿದಿನ ಬೆಳಗ್ಗೆ ಒಂದು ತಪ್ಪಿಲ್ಲದೆ ರಂಗವಲ್ಲಿ ಹಾಕುವ ಕೈಗೆ ರೇಖೆಯ ಜ್ಞಾನವಿಲ್ಲವೆನ್ನಲಾದೀತೇ? ಕಲಾಶಾಲೆಯಲ್ಲಿ ಹುಡುಗರ ಸರಿಸಮವಾಗಿ ಬಹುಮಾನ ಪಡೆದ ಹುಡುಗಿಯು ಮದುವೆಯಾದ ಮೇಲೆ ಬಣ್ಣದ ಪೆಟ್ಟಿಗೆಯನ್ನು ಅಟ್ಟದ ಮೇಲಿಡುವ ಸಂಗತಿ ನಮಗೆಲ್ಲ ಪರಿಚಿತವಾದುದೇ. ಆದ್ದರಿಂದ ಮನೆಯವರೊಡನೆ ಮಾತನಾಡಿ ವೇಳೆಯನ್ನು ಹಂಚಿಕೊಳ್ಳುವುದು ನ್ಯಾಯ. ಪಡೆದ ಗಂಟೆಗೆ ಪ್ರತಿಯಾಗಿ ಒಂದು ಗಂಟೆಯನ್ನು ಹಿಂದಿರುಗಿಸಬೇಕು. ಸಾಲ ತೀರಿಸದ ಕಲೋಪಾಸನೆ ಸ್ವಾರ್ಥದ ಸುಂದರ ಹೆಸರು, ಅಷ್ಟೇ.

ಊರಿನವರೊಡನೆಯೂ ಹೀಗೆಯೇ ಒಂದು ಕಟ್ಟುಪಾಡು ಬೇಕು. ಸಣ್ಣ ಊರಿನಲ್ಲಿ ಎಲ್ಲರೂ ಪರಿಚಿತರು. ಕೆಲಸ ಮಾಡಿಸಿಕೊಂಡು, ನಿಮ್ಮದೇನು, ಎರಡು ಗೆರೆ ಎಳೆದರಾಯಿತು ಎನ್ನುವವರು ಅಲ್ಲಿ ಹೆಚ್ಚು. ಇದರಲ್ಲಿ ದುರುದ್ದೇಶವಿಲ್ಲ, ಕೈಯ ಕೆಲಸಕ್ಕೆ ಹಿಡಿಯುವ ಸಮಯ ನೋಡುವವನಿಗೆ ಕಾಣುವುದಿಲ್ಲ. ಅದನ್ನು ಕಾಣಿಸುವುದು ಚಿತ್ರಕಾರನ ಕರ್ತವ್ಯ. ಕೆಲಸ ಹಿಡಿಯುವಾಗಲೇ ಬೆಲೆಯನ್ನೂ ಕೊಡುವ ದಿನವನ್ನೂ ಬರೆದಿಡುವುದು, ಸ್ವಲ್ಪ ಹಣವನ್ನು ಮುಂಗಡವಾಗಿ ಪಡೆಯುವುದು, ಮನೆಗೆ ಬಂದು ಮಾತನಾಡಲು ಸಂಜೆಯ ಒಂದು ವೇಳೆಯನ್ನು ಗೊತ್ತುಮಾಡುವುದು, ಆ ಒಂದು ಗಂಟೆ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು ಇವು ಅಹಂಕಾರದ ಲಕ್ಷಣಗಳಲ್ಲ. ಬಡಗಿಯೂ ದರ್ಜಿಯೂ ತಮ್ಮ ಕೂಲಿಯನ್ನು ನಾಚಿಕೆಯಿಲ್ಲದೆ ಕೇಳುವಾಗ ಚಿತ್ರಕಾರನೊಬ್ಬನೇ ಏಕೆ ಸಂಕೋಚಪಡಬೇಕು? ಬೆಲೆಯಿಲ್ಲದೆ ಹೋದ ಪ್ರತಿಯೊಂದು ಕೆಲಸವೂ ಅವನ ಸ್ವಂತ ಚಿತ್ರದಿಂದ ಒಂದು ಗಂಟೆಯನ್ನು ಕಿತ್ತುಕೊಳ್ಳುತ್ತದೆ.

ಇದರಲ್ಲಿ ಊರಿನ ಹಿತವೂ ಅಡಗಿದೆ. ದೊಡ್ಡ ನಗರಗಳಲ್ಲಿ ಕಲಾವಿದರು ಅನೇಕ. ಒಬ್ಬನು ಕುಂಚ ಕೆಳಗಿಟ್ಟರೆ ಇನ್ನೊಬ್ಬನು ಹಿಡಿಯುತ್ತಾನೆ. ಸಣ್ಣ ಊರಿನಲ್ಲಿ ಇರುವವರೇ ಒಬ್ಬಿಬ್ಬರು. ಅವರು ಬಿಟ್ಟರೆ ಆ ಊರಿನ ಹೊಳೆಯ ಮೆಟ್ಟಿಲನ್ನೂ ಹಳೆಯ ವಾಡೆಯ ಕಂಬವನ್ನೂ ನಾಟಿಯ ದಿನದ ಗದ್ದೆಯನ್ನೂ ಅಲ್ಲಿಯೇ ಹುಟ್ಟಿ ಬೆಳೆದವನ ಕಣ್ಣಿನಿಂದ ಬರೆದಿಡುವವರು ಉಳಿಯುವುದಿಲ್ಲ. ಚಲನಚಿತ್ರದ ಕ್ಯಾಮರಾ ಬಂದು ರಾಜವಾಡೆಯನ್ನು ಬೇರಾವುದೋ ಊರಿನ ಅರಮನೆಯೆಂದು ತೋರಿಸಿ ಹೋಗುತ್ತದೆ. ಅದನ್ನು ಭೋರ್‌ನದೆಂದೇ ತೋರಿಸುವವನು ಊರಿನ ಚಿತ್ರಕಾರ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರೂ ಚಿತ್ರಕಾರರಾಗುವುದಿಲ್ಲ. ಆದರೆ ಓದು, ಮನೆಗೆಲಸ, ಪರೀಕ್ಷೆಗಳ ನಡುವೆ ಒಂದು ಪ್ರೀತಿಯ ಕೆಲಸವನ್ನು ಉಳಿಸಿಕೊಳ್ಳುವ ಕಷ್ಟ ನಿಮಗೂ ಉಂಟು. ಅದಕ್ಕಾಗಿ ಈ ಕೆಲವು ಅಭ್ಯಾಸಗಳನ್ನು ಇಂದಿನಿಂದಲೇ ಮಾಡಿನೋಡಿ. ಒಂದು ಸಣ್ಣ ಪುಸ್ತಕವನ್ನೂ ಪೆನ್ಸಿಲನ್ನೂ ಯಾವಾಗಲೂ ಚೀಲದಲ್ಲಿಡಿ. ದಿನಕ್ಕೆ ಒಂದಾದರೂ ರೇಖಾಚಿತ್ರವನ್ನು ಬರೆಯಿರಿ. ಒಂದು ವಾರದಲ್ಲಿ ನಿಮ್ಮ ಸಮಯ ಎಲ್ಲೆಲ್ಲಿ ಹೋಯಿತೆಂದು ಬರೆದು ನೋಡಿ. ಚುರುಕಾದ ಹೊತ್ತನ್ನು ಕಠಿಣವಾದ ಕೆಲಸಕ್ಕೂ ದಣಿದ ಹೊತ್ತನ್ನು ಸುಲಭವಾದ ಕೆಲಸಕ್ಕೂ ಕೊಡಿ. ಎದ್ದು ಹೋಗುವಾಗ ಮರುದಿನ ಎಲ್ಲಿಂದ ಆರಂಭಿಸಬೇಕೆಂಬುದನ್ನು ಒಂದು ಸಾಲಿನಲ್ಲಿ ಗುರುತು ಹಾಕಿ. ಆಗ ಮರುದಿನದ ಮೊದಲ ಹತ್ತು ನಿಮಿಷಗಳು ಯೋಚನೆಯಲ್ಲಿ ಕಳೆಯುವುದಿಲ್ಲ. ಮನೆಯಲ್ಲಿ ನಿಮ್ಮ ಪಾಲಿನ ಕೆಲಸವನ್ನು ಮುಗಿಸಿಯೇ ಕುಳಿತುಕೊಳ್ಳಿ.

ಹನಿಹನಿ ಕೂಡಿದರೆ ಹಳ್ಳ ಎಂಬುದು ನಮ್ಮ ಹಿರಿಯರ ಮಾತು. ದಿನಕ್ಕೆ ಅರ್ಧ ಗಂಟೆಯೆಂದರೆ ವರ್ಷಕ್ಕೆ 180 ಗಂಟೆಗಳಿಗೂ ಮಿಗಿಲು. ಅಷ್ಟು ಹೊತ್ತಿನಲ್ಲಿ ಒಂದೆರಡು ಎಣ್ಣೆಬಣ್ಣದ ಚಿತ್ರಗಳೂ ನೂರಾರು ರೇಖಾಚಿತ್ರಗಳೂ ಆಗಬಲ್ಲವು. ಘಟ್ಟದ ಮಳೆಗಾಲದ ಹನಿಗಳನ್ನೆಲ್ಲ ಭಾಟಘರ್‌ನ ಕಟ್ಟೆ ಹಿಡಿದಿಡುವುದರಿಂದಲೇ ಬೇಸಿಗೆಯಲ್ಲಿ ದೂರದ ಹೊಲಗಳಿಗೆ ನೀರು ದೊರೆಯುತ್ತದೆ. ಚದುರಿಹೋಗುವ ಗಳಿಗೆಗಳಿಗೆ ಅಂಥದೊಂದು ಕಟ್ಟೆಯನ್ನು ಕಟ್ಟಿಕೊಳ್ಳುವ ಶಕ್ತಿ ನಮ್ಮ ಎಲ್ಲ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೂ ಲಭಿಸಲೆಂದು ಹಾರೈಸುತ್ತೇವೆ.